ಔಷಧ ಹಾಕಿದ ಜೀಬ್ರಾಫಿಶ್ ಭ್ರೂಣದಲ್ಲಿ ಮೈಯೋಸಿನ್ ಎಂಬ ಸ್ನಾಯು ಪ್ರೋಟೀನಿನ ಜೀನ್‌ನ ಆರ್‌ಎನ್‌ಎ ನಾಲ್ಕು ಪಟ್ಟು ಇಳಿದಿದೆ. ಬೀಟಾ ಆಕ್ಟಿನ್ ಬಿಟ್ಟು ಬೇರೆ ಯಾವ ರೆಫರೆನ್ಸ್ ಜೀನ್ (ಹೋಲಿಕೆಗೆ ಅಳೆಯುವ ಜೀನ್) ಬಳಸಲಿ ಎಂದು ಕೇಳಿದ್ದೀರಿ.

ರೆಫರೆನ್ಸ್ ಜೀನ್ ಆಮೇಲೆ. ಔಷಧ ಹಾಕಿದ ರಾತ್ರಿ ಆ ತಟ್ಟೆ, ಔಷಧವಿಲ್ಲದ ಕಂಟ್ರೋಲ್ ತಟ್ಟೆ ಎರಡೂ ಒಂದೇ ಇನ್‌ಕ್ಯುಬೇಟರಿನಲ್ಲಿ ಇದ್ದವಾ?

ನನಗೂ ಒಮ್ಮೆ ಹೀಗೇ ಆಗಿತ್ತು, ನನ್ನವು ಇರಲಿಲ್ಲ. ಪುಣೆಯಲ್ಲಿ ಪಿಎಚ್‌ಡಿ ಮಾಡುವಾಗ, ಜನವರಿಯಲ್ಲಿ. ಎಲ್ಲರೂ ಬಳಸುವ ಇನ್‌ಕ್ಯುಬೇಟರಿನಲ್ಲಿ ಔಷಧ ಬೆರೆಸಿದ ತಟ್ಟೆ ಇಡುವಂತಿರಲಿಲ್ಲ, ಬೆಂಚಿನ ಮೇಲೇ ಬಿಟ್ಟೆ. ಕಂಟ್ರೋಲ್ 28.5 ಡಿಗ್ರಿಯಲ್ಲಿ, ಇದು 25ರಲ್ಲಿ. ಮರುದಿನ ಭ್ರೂಣಕ್ಕೆ 24 ಗಂಟೆ ತುಂಬಿದಾಗ ಸರಿಯಾಗಿ ಎರಡನ್ನೂ ಆರ್‌ಎನ್‌ಎ ತೆಗೆಯುವ ಟ್ರೈಜಾಲ್ ದ್ರಾವಣಕ್ಕೆ ಹಾಕಿದೆ. ಆರ್‌ಎನ್‌ಎ ಪ್ರಮಾಣ ಅಳೆಯುವ ಕ್ಯೂಪಿಸಿಆರ್‌ನಲ್ಲಿ (ಪ್ರತಿ ಸೈಕಲ್‌ಗೆ ಪ್ರತಿ ಇಮ್ಮಡಿ) ಮೈಯೋಸಿನ್ ಎರಡು ಸೈಕಲ್ ತಡವಾಗಿ ಬಂತು, ಅಂದರೆ ನಾಲ್ಕು ಪಟ್ಟು ಕಡಿಮೆ. ಔಷಧದ ಪರಿಣಾಮವೆಂದು ನಂಬಿ ನಾಲ್ಕು ತಿಂಗಳು ಕಳೆದೆ.

ಭ್ರೂಣದ ವಯಸ್ಸು ಗಡಿಯಾರದಲ್ಲಿಲ್ಲ. ಕಿಮ್ಮೆಲ್ ಮತ್ತು ಸಂಗಡಿಗರು 1995ರಲ್ಲಿ ಕೊಟ್ಟ ಸೂತ್ರವಿದೆ: ತಾಪಮಾನವನ್ನು 0.055ರಿಂದ ಗುಣಿಸಿ 0.57 ಕಳೆಯಿರಿ, ಬಂದದ್ದನ್ನು ಕಳೆದ ಗಂಟೆಗಳಿಂದ ಗುಣಿಸಿ. 28.5ಕ್ಕೆ ಅದು ಹೆಚ್ಚುಕಡಿಮೆ 1, 25ಕ್ಕೆ 0.805. ಹಾಗಾಗಿ ನನ್ನ ಬೆಂಚಿನ ಭ್ರೂಣಗಳ ನಿಜವಾದ ವಯಸ್ಸು 19.3 ಗಂಟೆ, ಸುಮಾರು 20 ಸೋಮೈಟ್ (ಬೆನ್ನುದ್ದಕ್ಕೂ ಮೂಡುವ ಸ್ನಾಯುಖಂಡ). ಕಂಟ್ರೋಲ್ 24 ಗಂಟೆಯ ಹಂತವಾದ ಪ್ರಿಮ್-5 ತಲುಪಿತ್ತು. ಸ್ನಾಯು ಕಟ್ಟಿಕೊಳ್ಳುತ್ತಿರುವ ಹೊತ್ತಿನಲ್ಲಿ ನಾಲ್ಕೂವರೆ ಗಂಟೆ ಎಳೆಯದಾದ ಭ್ರೂಣದಲ್ಲಿ ಮೈಯೋಸಿನ್ ಕಡಿಮೆ ಇರಲೇಬೇಕು. ಇದನ್ನು ಯಾವ ರೆಫರೆನ್ಸ್ ಜೀನೂ ಸರಿಪಡಿಸದು. ಟ್ಯೂಬುಗಳ ನಡುವೆ ಆರ್‌ಎನ್‌ಎ ಪ್ರಮಾಣದಲ್ಲಾದ ಏರುಪೇರನ್ನಷ್ಟೇ ಅದು ಸರಿದೂಗಿಸುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಬೇರೆಯಾಗಬೇಕು ಅನ್ನುತ್ತೇನೆ. ಕಂಟ್ರೋಲ್‌ಗೂ ಔಷಧ ಕರಗಿಸುವ ಡಿಎಂಎಸ್‌ಓ ಅಷ್ಟೇ ಹಾಕಿ, ಒಂದೇ ಶೆಲ್ಫಿನಲ್ಲಿಡಿ, ತಟ್ಟೆಗೆ 50 ಭ್ರೂಣ ಮೀರದಿರಲಿ. ಸೋಮೈಟ್ ಎಣಿಸಿ, ಆ ಹಂತ ದಾಟಿದ್ದರೆ ತಲೆ-ಬೆನ್ನಿನ ಕೋನ ನೋಡಿ, ಹಂತ ಹೊಂದಿದವನ್ನೇ ಆರಿಸಿ. ಔಷಧವೇ ಬೆಳವಣಿಗೆ ನಿಧಾನಿಸುವುದುಂಟು. ಆಗ ಅದೇ ಹಂತದ, ಗಡಿಯಾರದಲ್ಲಿ ಎಳೆಯ, ಕಂಟ್ರೋಲ್ ಇನ್ನೊಂದು ಬೇಕು.

ಟ್ಯೂಬಿಗೆ 30 ಭ್ರೂಣ, ಕೋರಿಯನ್ (ಹೊರಗಿನ ಪೊರೆ) ತೆಗೆದು. ನೀರನ್ನು ಪೂರ್ತಿ ಹೀರಿ ತೆಗೆಯಿರಿ, ಉಳಿದರೆ ಟ್ರೈಜಾಲ್ ತೆಳುವಾಗಿ ಆರ್‌ಎನ್‌ಎ ಕೆಡುತ್ತದೆ. 500 ಮೈಕ್ರೋಲೀಟರ್ ಟ್ರೈಜಾಲ್, ಸಣ್ಣ ಸೂಜಿಯಲ್ಲಿ ಎಳೆದು ಬಿಟ್ಟು ಕರಗಿಸಿ, 100 ಮೈಕ್ರೋಲೀಟರ್ ಕ್ಲೋರೋಫಾರ್ಮ್, 4 ಡಿಗ್ರಿಯಲ್ಲಿ 12,000 ಜಿ ಬಲಕ್ಕೆ 15 ನಿಮಿಷ ಸೆಂಟ್ರಿಫ್ಯೂಜ್. ಆರ್‌ಎನ್‌ಎ ಇರುವ ಮೇಲಿನ ಪದರ ತೆಗೆಯುವಾಗ ಆಸೆ ಬೇಡ, ಕೊನೆಯದನ್ನು ಬಿಟ್ಟುಬಿಡಿ. ಉಳಿದ ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ತಪ್ಪಿಸಬೇಡಿ, ಆರ್‌ಟಿ (ಆರ್‌ಎನ್‌ಎಯನ್ನು ಡಿಎನ್‌ಎ ಮಾಡುವ ಕಿಣ್ವ) ಹಾಕದ ಟ್ಯೂಬ್ ಒಂದಿರಲಿ. ಮೂರು ಬೇರೆ ಜೋಡಿಗಳ ಮೊಟ್ಟೆಯಿಂದ ಮೂರು ಸಲ ಮಾಡಿ. ಒಂದೇ ಸ್ಯಾಂಪಲ್ಲನ್ನು ಕ್ಯೂಪಿಸಿಆರ್ ತಟ್ಟೆಯ ಮೂರು ಗುಳಿಗಳಿಗೆ ಹಾಕಿದರೆ ಅದು ಮೂರಾಗುವುದಿಲ್ಲ.

ರೆಫರೆನ್ಸ್‌ಗೆ ಇಎಫ್1-ಆಲ್ಫಾ, ಆರ್‌ಪಿಎಲ್13ಎ ಎರಡನ್ನೂ ಇಡಿ. ಟ್ರೈಜಾಲ್ ಹಾಕುವ ಮುಂಚೆ ಪ್ರತಿ ತಟ್ಟೆಯ ಫೋಟೋ ತೆಗೆಯಿರಿ. ಈಗಿನ ಸ್ಯಾಂಪಲ್‌ಗಳ ಫೋಟೋ ಇದ್ದರೆ ಇವತ್ತೇ ಕೂತು ಸೋಮೈಟ್ ಎಣಿಸಿ.