ಜಾತ್ರೆಯಲ್ಲಿ ಕಳೆದುಹೋಗಿದ್ದು ನಾನೋ, ಅಕ್ಕನೋ?

ಪ್ರಶ್ನೆ: ಚಿಕ್ಕವಳಿದ್ದಾಗ ಊರ ಜಾತ್ರೆಯಲ್ಲಿ ಕಳೆದುಹೋಗಿದ್ದೆ. ಕೆಂಪು ಲಂಗ ಹಾಕಿಕೊಂಡು ಬಳೆ ಅಂಗಡಿ ಪಕ್ಕ ಅಳುತ್ತಾ ನಿಂತಿದ್ದು, ಯಾರೋ ಕೈಗೆ ಬತ್ತಾಸು ಕೊಟ್ಟಿದ್ದು, ಎಲ್ಲಾ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಅಕ್ಕ, ‘ಅದು ನೀನಲ್ಲ ಕಣೇ, ನಾನು’ ಅನ್ನುತ್ತಾಳೆ. ಅಮ್ಮ ಈಗಿಲ್ಲ. ನಡೆಯದೇ ಇದ್ದದ್ದು ಇಷ್ಟು ಚೆನ್ನಾಗಿ ನೆನಪಿರಲು ಸಾಧ್ಯವಾ ಡಾಕ್ಟ್ರೇ?

ಉತ್ತರ: ಸಾಧ್ಯ. ಅಕ್ಕನಿಗೂ ಇದೇ ಮಾತು ಅನ್ವಯಿಸುತ್ತದೆ, ಅದನ್ನೂ ಹೇಳಿಬಿಡಿ!

ಜಾತ್ರೆಯ ಬಣ್ಣ, ಗದ್ದಲ, ಬತ್ತಾಸಿನ ರುಚಿ, ಭಯ, ಇವೆಲ್ಲ ಮೆದುಳಿನ ಒಂದೇ ಜಾಗದಲ್ಲಿ ಇರುವುದಿಲ್ಲ. ಕಿವಿಯ ನೇರಕ್ಕೆ ಒಳಗಡೆ ಹಿಪೊಕ್ಯಾಂಪಸ್ ಅಂತ ಒಂದು ಭಾಗವಿದೆ. ಚದುರಿದ ಈ ಮಣಿಗಳನ್ನು ಒಂದು ದಾರಕ್ಕೆ ಪೋಣಿಸುವುದು ಅದು. ಅಮೆರಿಕದ ಹೆನ್ರಿ ಮೊಲೇಸನ್‌ಗೆ ಫಿಟ್ಸ್ ನಿಲ್ಲಲಿ ಅಂತ 1953ರಲ್ಲಿ ಎರಡೂ ಕಡೆ ಆ ಭಾಗದ ದೊಡ್ಡ ಪಾಲನ್ನು ತೆಗೆದುಹಾಕಿದರು. ಆಗ ಅವರಿಗೆ 27 ವರ್ಷ. ಹಳೆಯದು ಸುಮಾರಾಗಿ ಉಳಿಯಿತು, ಆದರೆ 2008ರಲ್ಲಿ ಸಾಯುವವರೆಗೂ ಹೊಸದಾಗಿ ನಡೆದದ್ದು ಹೆಚ್ಚೂಕಡಿಮೆ ಏನೂ ನಿಲ್ಲಲಿಲ್ಲ. ಊಟ ಮಾಡಿ ಎದ್ದದ್ದೂ ಮರೆತುಹೋಗುತ್ತಿತ್ತು.

ನೆನೆಸಿಕೊಳ್ಳುವಾಗ ಒಂದು ಮಣಿ ಸಿಕ್ಕರೆ ಸಾಕು, ಉಳಿದವು ಹಿಂದೆಯೇ ಬರುತ್ತವೆ. ಯಾವುದೋ ಕಳೆದುಹೋಗಿದ್ದರೆ? ಮೆದುಳು ಸುಮ್ನೆ ಕೂರಲ್ಲ. ಅಮ್ಮ ಹತ್ತು ಸಲ ಹೇಳಿದ ಕಥೆಯಿಂದಲೋ, ಬೇರೆ ಯಾವುದೋ ಜಾತ್ರೆಯಿಂದಲೋ ಒಂದನ್ನು ತಂದು ಸೇರಿಸುತ್ತದೆ. ಮುಂದಿನ ಸಲ ಅದೂ ಅಸಲಿಯ ಲೆಕ್ಕಕ್ಕೇ ಬರುತ್ತದೆ.

ನಿಮ್ಮದೇ ಕೇಸಿನಂಥ ಪ್ರಯೋಗವೊಂದಿದೆ ನೋಡಿ. 1995ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ 24 ಜನರಿಗೆ ಅವರ ಬಾಲ್ಯದ ಮೂರು ನಿಜ ಘಟನೆ ಕೊಟ್ಟು, ಜೊತೆಗೆ ‘ಚಿಕ್ಕಂದಿನಲ್ಲಿ ಮಾಲ್‌ನಲ್ಲಿ ಕಳೆದುಹೋಗಿದ್ದೆ’ ಅನ್ನುವ ಸುಳ್ಳೊಂದನ್ನು ಸೇರಿಸಿದರು. ಕಾಲು ಭಾಗದಷ್ಟು ಜನ ಅದನ್ನೂ ಪೂರ್ತಿಯೋ ಅರೆಬರೆಯೋ ನೆನೆಸಿಕೊಂಡರು. ಇನ್ನು ಒಡಹುಟ್ಟಿದವರ ಜಗಳ ನಿಮ್ಮ ಮನೆಯದ್ದಷ್ಟೇ ಅಲ್ಲ. 2001ರ ಒಂದು ಅಧ್ಯಯನದಲ್ಲಿ ಅವಳಿಗಳು ‘ಅದು ಆಗಿದ್ದು ನನಗೇ’ ಅಂತ ಇಬ್ಬರೂ ಹಟ ಹಿಡಿದ ಘಟನೆಗಳು ಸಿಕ್ಕಿವೆ.

ಇನ್ನೊಂದು ಮಾತು. ನೀವು ಕೆಂಪು ಲಂಗದ ಹುಡುಗಿಯನ್ನು ಹೊರಗಿನಿಂದ ನೋಡುತ್ತಿದ್ದೀರಾ, ಅಥವಾ ಅವಳ ಕಣ್ಣಿನಿಂದ ಅಂಗಡಿ ನೋಡುತ್ತಿದ್ದೀರಾ? ಹೊರಗಿನಿಂದ ಅಂದ ಮಾತ್ರಕ್ಕೆ ಸುಳ್ಳು ಅನ್ನಲಾಗದು, ನಿಜವಾದ ಹಳೆ ನೆನಪುಗಳೂ ಹಾಗೆ ಕಾಣುತ್ತವೆ. ಆಗ ನಿಮಗೆ ಎರಡು ವರ್ಷವೂ ತುಂಬಿರಲಿಲ್ಲ ಅಂತಾದರೆ ಮಾತ್ರ ನನ್ನ ಓಟು ಅಕ್ಕನಿಗೆ, ಅಷ್ಟು ಎಳೆ ವಯಸ್ಸಿನದು ದೊಡ್ಡವರಾದ ಮೇಲೆ ಸಾಮಾನ್ಯವಾಗಿ ನೆನಪಿರುವುದಿಲ್ಲ.

ಚಿಕ್ಕಮ್ಮನೋ ಸೋದರಮಾವನೋ ಇದ್ದರೆ ಕೇಳಿ. ಆದರೆ ಬಳೆ ಅಂಗಡಿ, ಬತ್ತಾಸಿನ ಸುದ್ದಿ ಎತ್ತಬೇಡಿ. ‘ಜಾತ್ರೆಯಲ್ಲಿ ಏನಾಗಿತ್ತು?’ ಅಂತ ಅಷ್ಟೇ ಕೇಳಿ, ಅಕ್ಕ ಪಕ್ಕದಲ್ಲಿ ಇಲ್ಲದಾಗ.