ಬರ್ನ್ಸ್ ಮುಖಕ್ಕೆ ಯಾವ ಬಣ್ಣ ಹಚ್ಚಿಸೋದು?

ಪ್ರಶ್ನೆ: ನಾನು ಮಂಡ್ಯದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು ರಿಟೈರ್ ಆದೋನು. ನಮ್ಮ ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರು ಕನ್ನಡಕ್ಕೆ ತಂದ ಸ್ಕಾಟ್ಲೆಂಡ್ ಕವಿ ರಾಬರ್ಟ್ ಬರ್ನ್ಸ್ ಪದ್ಯಗಳಿಂದ ಬರ್ನ್ಸ್ ಹುಚ್ಚು ಹಿಡೀತು. ನನ್ನತ್ರ ಹಳೇ ಪುಸ್ತಕದ್ದು ಅವನ ಕಪ್ಪು-ಬಿಳುಪು ಕೆತ್ತನೆ ಚಿತ್ರ ಒಂದಿದೆ. ಅದನ್ನ ನೋಡ್ಕೊಂಡು ಕ್ಯಾನ್ವಾಸ್ ಮೇಲೆ ದೊಡ್ಡದಾಗಿ ಬರೆಸೋ ಆಸೆ. ಮೈಸೂರಿನ ಕಲಾವಿದರೊಬ್ರು ಫುಲ್ ಕಲರ್‌ನಲ್ಲಿ ಮಾಡ್ಕೊಡ್ತೀನಿ ಅಂತಾರೆ. ಒಪ್ಕೊಳ್ಲಾ?

ಉತ್ತರ: ಒಪ್ಕೊಳಿ ಮೇಷ್ಟ್ರೇ, ಆದ್ರೆ ಬಣ್ಣ ಊಹೆ ಮಾಡಿ ಹಚ್ಚೋಕೆ ಮಾತ್ರ ಬಿಡಬೇಡಿ. ಬರ್ನ್ಸ್ ವಿಷಯದಲ್ಲಿ ಊಹೆ ಮಾಡೋ ಅಗತ್ಯಾನೇ ಇಲ್ಲ, ಯಾಕಂದ್ರೆ ಈ ಕೆತ್ತನೆಗಳ ಹಿಂದೆ ಒಂದು ಬಣ್ಣದ ಚಿತ್ರ ಇದೆ. 1787ರಲ್ಲಿ ಎಡಿನ್‌ಬರೋದಲ್ಲಿ ಅವನ ಪುಸ್ತಕ ಅಚ್ಚಾಗುವಾಗ ಅದಕ್ಕಂತಲೇ ಅಲೆಕ್ಸಾಂಡರ್ ನೇಸ್ಮಿತ್ ಆಯಿಲ್ ಪೇಂಟಿಂಗ್ ಮಾಡಿದ, ಅದನ್ನ ನೋಡಿ ಜಾನ್ ಬ್ಯೂಗೋ ಅಚ್ಚು ಹಾಕೋಕೆ ತಾಮ್ರದ ತಗಡಿನ ಮೇಲೆ ಕೆತ್ತಿದ, ಆಮೇಲೆ ನೂರಾರು ಪುಸ್ತಕಗಳಿಗೆ ಬೇರೆಬೇರೆಯವರು ಅದನ್ನೇ ಮತ್ತೆ ಮತ್ತೆ ಕೆತ್ತುತ್ತಾ ಹೋದ್ರು. ನೇಸ್ಮಿತ್ ಚಿತ್ರ ಈಗ್ಲೂ ಎಡಿನ್‌ಬರೋದ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ, ಒಳ್ಳೆ ಫೋಟೋ ನೆಟ್‌ನಲ್ಲೇ ಸಿಗುತ್ತೆ. ನಿಮ್ಮ ಹಾಳೆ ಕೆಳಗಡೆ ಸಣ್ಣಕ್ಷರ ಇದ್ಯಾ ನೋಡಿ, ಸಾಮಾನ್ಯವಾಗಿ ಎಡಕ್ಕೆ ಮೂಲ ಚಿತ್ರ ಬರೆದವನ ಹೆಸರು, ಬಲಕ್ಕೆ ಕೆತ್ತಿದವನ ಹೆಸರು ಇರುತ್ತೆ. ಎಡಕ್ಕೆ ನೇಸ್ಮಿತ್ ಅಂತಿದ್ರೆ ಕೋಟು, ಮೈಬಣ್ಣ ಎಲ್ಲಾ ಆ ಫೋಟೋ ನೋಡ್ಕೊಂಡೇ ಹಚ್ಚಲಿ.

ಇದು ಯಾಕೆ ಮುಖ್ಯ ಅಂದ್ರೆ, ಒಂದ್ಸಲ ಜಗನ್ಮೋಹನ ಅರಮನೆ ಗ್ಯಾಲರಿಗೆ ಹೋಗಿ ರವಿವರ್ಮನ ಮೂಲ ಚಿತ್ರಗಳ ಮುಂದೆ ನಿಂತ್ಕೊಳ್ಳಿ, ಕ್ಯಾಲೆಂಡರ್‌ನಲ್ಲಿ ನೋಡಿರೋ ಮುಖಕ್ಕೂ ಅಲ್ಲಿರೋ ಮುಖಕ್ಕೂ ಎಷ್ಟು ವ್ಯತ್ಯಾಸ ಅಂತ ಗೊತ್ತಾಗುತ್ತೆ. ಅಚ್ಚಿನ ಪ್ರತಿ ನೋಡಿ ಮತ್ತೆ ಪೇಂಟ್ ಮಾಡಿದ್ರೆ ಆ ಅಂತರ ಇನ್ನೂ ಜಾಸ್ತಿ ಆಗುತ್ತೆ.

ಇನ್ನೊಂದು ಮಾತು. ಭೂತಗನ್ನಡಿ ಹಿಡಿದು ಆ ಚಿತ್ರದ ಕೆನ್ನೆ ನೋಡಿ. ಅಲ್ಲಿ ಬೂದುಬಣ್ಣ ಅನ್ನೋದೇ ಇರಲ್ಲ, ಬರೀ ಗೀರು. ಕೆನ್ನೆಯ ಉಬ್ಬು ಹೇಗೆ ತಿರುಗುತ್ತೋ ಗೀರೂ ಹಾಗೇ ಬಾಗಿರುತ್ತೆ, ಬೆಳಕು ಬಿದ್ದ ಕಡೆ ತೆಳ್ಳಗಾಗ್ತಾ ಕೊನೆಗೆ ಚುಕ್ಕಿ ಚುಕ್ಕಿ ಆಗಿ ಮಾಯ ಆಗುತ್ತೆ, ಗಲ್ಲದ ಕೆಳಗೆ ನೆರಳಲ್ಲಿ ಗೀರಿನ ಮೇಲೆ ಅಡ್ಡ ಗೀರು. ಅಂಗೈಯಗಲದ ಹಾಳೇಲಿ ಇದೆಲ್ಲಾ ಕಣ್ಣಿಗೆ ನುಣುಪಾಗಿ ಕಾಣುತ್ತೆ. ಅದನ್ನೇ ಪ್ರೊಜೆಕ್ಟರ್ ಹಾಕಿ ಎರಡು ಮೂರಡಿಗೆ ಹಿಗ್ಗಿಸಿ ಗೀರುಗೀರೂ ಟ್ರೇಸ್ ಮಾಡಿದ್ರೆ ಮುಖದ ಮೇಲೆ ಮೀನಿನ ಬಲೆ ಹೊದಿಸಿದ ಹಾಗಾಗುತ್ತೆ. ಕಲಾವಿದರು ಗೀರನ್ನ ನೆರಳಾಗಿ ಓದ್ಕೊಂಡು ಬ್ರಷ್‌ನಲ್ಲಿ ಮೆತ್ತಗೆ ತರಬೇಕು. ಕೆತ್ತನೆಯ ಸೊಗಸೇ ಬೇಕು ಅಂದ್ರೆ ಕ್ಯಾನ್ವಾಸ್ ಬಿಟ್ಟು, ಸಣ್ಣ ಸೈಜಲ್ಲಿ ಇಂಡಿಯನ್ ಇಂಕು, ಸ್ಟೀಲ್ ನಿಬ್ಬಲ್ಲಿ ಬರೆಸಿ. ನನ್ನ ಕೇಳಿದ್ರೆ ಅದೇ ಚೆಂದ.

ಕಣ್ಣಿನ ಮೇಲೆ ಜಾಸ್ತಿ ಹೊತ್ತು ಕೂರೋಕೆ ಹೇಳಿ. ಕಾದಂಬರಿಕಾರ ವಾಲ್ಟರ್ ಸ್ಕಾಟ್ ಹುಡುಗನಾಗಿದ್ದಾಗ ಬರ್ನ್ಸ್‌ನ ಕಣ್ಣಾರೆ ನೋಡಿದ್ದ. ಚಿತ್ರಗಳಲ್ಲಿ ಕಾಣೋದಕ್ಕಿಂತ ಮುಖ ಭಾರಿಯಾಗಿತ್ತು, ಕಣ್ಣು ದೊಡ್ಡದು, ಕಪ್ಪು, ಮಾತಾಡುವಾಗ ಹೊಳೀತಿತ್ತು ಅಂತ ಆಮೇಲೆ ನೆನೆಸ್ಕೊಂಡಿದ್ದಾನೆ.

ಮೂಲ ಹಾಳೆಗೆ ಮಾತ್ರ ಲ್ಯಾಮಿನೇಷನ್ ಮಾಡಿಸಲೇಬೇಡಿ, ಒಂದ್ಸಲ ಮಾಡಿಸಿದ್ರೆ ಬಿಡಿಸೋಕಾಗಲ್ಲ. ಆಸಿಡ್ ಇಲ್ಲದ ಬೋರ್ಡ್ ಕೊಟ್ಟು ಬಿಸಿಲು ಬೀಳದ ಗೋಡೆಗೆ ಹಾಕಿ.

ಪ್ರಶ್ನೆ: ಹಾಗಾದ್ರೆ ಶೇಕ್ಸ್‌ಪಿಯರ್ ಮತ್ತೆ ಮಿಲ್ಟನ್‌ದೂ ಹೀಗೇ ಕಲರ್ ಮಾಡಿಸಬಹುದಾ? (ಎಂ.ಎ. ವಿದ್ಯಾರ್ಥಿನಿ, ಮೈಸೂರು)

ಉತ್ತರ: ಶೇಕ್ಸ್‌ಪಿಯರ್‌ದು ಬೇಡಮ್ಮ. ಬೋಳು ಹಣೆ, ತಟ್ಟೆಯಂಥ ಕಾಲರ್ ಇರೋ ಆ ಫೇಮಸ್ ಚಿತ್ರ ಮಾರ್ಟಿನ್ ಡ್ರೂಷೌಟ್ ಕೆತ್ತಿದ್ದು, ಬಂದಿದ್ದು 1623ರ ಪುಸ್ತಕದಲ್ಲಿ, ಅಂದ್ರೆ ಕವಿ ಸತ್ತು ಏಳು ವರ್ಷ ಆದ್ಮೇಲೆ. ಅವನು ಯಾವ ಚಿತ್ರ ನೋಡಿ ಕೆತ್ತಿದ ಅನ್ನೋದೇ ಸಿಕ್ಕಿಲ್ಲ, ಹಾಗಿದ್ಮೇಲೆ ಕೋಟಿಗೆ ಯಾವ ಬಣ್ಣ ಅಂತ ಹೇಳೋರು ಯಾರು? ಕಪ್ಪು-ಬಿಳುಪಲ್ಲೇ ಇರಲಿ. ಚಾಂಡೋಸ್ ಅನ್ನೋ ಬೇರೆ ಪೇಂಟಿಂಗ್ ಒಂದಿದೆ, ಲಂಡನ್ ಗ್ಯಾಲರಿಯಲ್ಲಿ, ಬಣ್ಣ ಬೇಕಿದ್ರೆ ಅದನ್ನೇ ಪೂರ್ತಿ ನೋಡಿ ಬರೆಸಿ, ಅದರ ಬಣ್ಣ ತಂದು ಇದಕ್ಕೆ ಮೆತ್ತಬೇಡಿ.

ಮಿಲ್ಟನ್‌ಗೆ ಯಾವ ಕೆತ್ತನೆ ಅನ್ನೋದು ಮೊದಲು ನೋಡ್ಕೊಳ್ಳಿ. 1645ರ ಅವನ ಕವನ ಸಂಕಲನಕ್ಕೆ ವಿಲಿಯಂ ಮಾರ್ಷಲ್ ಕೆತ್ತಿದ ಮುಖ ಕವಿಗೇ ಹಿಡಿಸಲಿಲ್ಲ, ಈ ಚಿತ್ರ ನನ್ನ ಹಾಗೇ ಇಲ್ಲ ಅಂತ ಗ್ರೀಕ್‌ನಲ್ಲಿ ನಾಲ್ಕು ಸಾಲು ಬರೆದು ಆ ಮಾರ್ಷಲ್ ಕೈಯಲ್ಲೇ ಚಿತ್ರದ ಕೆಳಗೆ ಕೆತ್ತಿಸಿಬಿಟ್ಟ, ಗ್ರೀಕ್ ಬರದ ಪಾಪ ಆ ಮನುಷ್ಯ ಕೆತ್ತಿಯೂ ಕೊಟ್ಟ! 1670ರಲ್ಲಿ ವಿಲಿಯಂ ಫೇಥಾರ್ನ್ ಕೆತ್ತಿದ್ದು ಒಳ್ಳೇದು. ಅದನ್ನೇ ಕೊಡಿ.

ಪ್ರಶ್ನೆ: ಪಂಪನದ್ದು ಹಳೇ ಕೆತ್ತನೆ ಥರಾನೇ ಬರೆಸಬೇಕು, ಮೂಲ ಎಲ್ಲಿ ಸಿಗುತ್ತೆ? (ಮೈಸೂರು)

ಉತ್ತರ: ಎಲ್ಲೂ ಸಿಗಲ್ಲ. ಪಂಪ ಹತ್ತನೇ ಶತಮಾನದವನು, ಈಗ ನಾವು ನೋಡೋ ಅವನ ಮುಖ ಎಲ್ಲಾ ಕಲಾವಿದರ ಕಲ್ಪನೆ. ಬರೆಸೋದ್ರಲ್ಲಿ ತಪ್ಪೇನಿಲ್ಲ, ಖುಷಿಯಾಗಿ ಬರೆಸಿ. ಆದ್ರೆ ಚಿತ್ರದ ಹಿಂದೆ ‘ಕಲ್ಪನಾ ಚಿತ್ರ’ ಅಂತ, ಬರೆದವರ ಹೆಸರು, ಇಸವಿ ಸಮೇತ ಹಾಕ್ಸಿ. ಮಂಡ್ಯದ ಮೇಷ್ಟ್ರೂ ಅಷ್ಟೇ, ನೇಸ್ಮಿತ್ ಮೂಲ, ಕೆತ್ತಿದವರು ಇಂಥವರು, ಪ್ರತಿ ಮಾಡಿದವರು ಇಂಥವರು ಅಂತ ಫ್ರೇಮ್ ಹಾಕೋಕೆ ಮುಂಚೆನೇ ಬರೆಸ್ಕೊಳ್ಳಿ.