ದನಿ ಒಡೆಯುವ ವಯಸ್ಸಿನಲ್ಲಿ ಪ್ರಹ್ಲಾದನ ಪಾತ್ರ

ಈ ಪ್ರಕರಣದಲ್ಲಿ ಬಾಲಕನ ಹೆಸರು, ನಾಟಕದ ಕಥೆ, ತಂಡದ ಗುರುತು ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಲಾಗಿದೆ. ಬರೆಯಲು ಬಾಲಕನೂ ಅವನ ತಾಯಿಯೂ ಒಪ್ಪಿಗೆ ಕೊಟ್ಟಿದ್ದಾರೆ. ಮಕ್ಕಳಿಂದ ಸಂಗೀತ ನಾಟಕ ಮಾಡಿಸುವ ಹವ್ಯಾಸಿ ತಂಡಗಳವರು ಮತ್ತು ಅಲ್ಲಿಗೆ ಮಕ್ಕಳನ್ನು ಕಳುಹಿಸುವ ಪೋಷಕರು ಇದನ್ನು ಓದಬೇಕೆಂಬುದು ನನ್ನ ಆಸೆ.

ಕಿರಣ 14 ವರ್ಷದ, ಒಂಬತ್ತನೇ ತರಗತಿಯ ಹುಡುಗ. ದಾವಣಗೆರೆಯ ಹಳೆಯ ಭಾಗದ ಒಂದು ಓಣಿಯಲ್ಲಿ ಮನೆ. ತಂದೆಗೆ ಸಣ್ಣ ಕಿರಾಣಿ ಅಂಗಡಿಯಿದೆ, ತಾಯಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾರೆ. ದೀಪಾವಳಿ ಕಳೆದ ಮೇಲೆ ಮಗ ಮಾತನ್ನೇ ಬಿಟ್ಟಿದ್ದಾನೆ, ಶಾಲೆಯಲ್ಲಿ ಹಾಜರಿ ಕೂಗಿದರೆ ಕೈ ಮಾತ್ರ ಎತ್ತುತ್ತಾನೆ, ಮನೆಗೆ ಯಾರಾದರೂ ಬಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ ಎಂದು ತಾಯಿ ಅವನನ್ನು ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಕರೆತಂದರು. ಶಿಕ್ಷಕರು ಇದನ್ನು ಅಹಂಕಾರವೆಂದುಕೊಂಡಿದ್ದರು, ತಂದೆ ಸೋಮಾರಿತನವೆಂದುಕೊಂಡಿದ್ದರು. ತಾಯಿಗೆ ಮಾತ್ರ ಇದಕ್ಕೂ ನಾಟಕಕ್ಕೂ ಏನೋ ಸಂಬಂಧವಿದೆ ಎನ್ನಿಸಿತ್ತು. ಆದರೆ ನಾಟಕದ ಸಂಗೀತ ಕಲಿಸುವವರು ಅವರ ಒಡಹುಟ್ಟಿದ ಅಣ್ಣನೇ ಆಗಿದ್ದರಿಂದ ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಿದ್ದರು.

ತಂಡದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ದಾವಣಗೆರೆ ಕಂಪನಿ ನಾಟಕಗಳನ್ನು ನೋಡುತ್ತ ಬೆಳೆದ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಮಾತು ಇಂದಿಗೂ ಹಿರಿಯರ ಬಾಯಲ್ಲಿದೆ. ಪಕ್ಕದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಆರಂಭವಾದ ಶಿವಸಂಚಾರ ತಿರುಗಾಟವು ಹಾಡು ತುಂಬಿದ ನಾಟಕಗಳನ್ನು ಊರೂರಿಗೆ ಒಯ್ಯುತ್ತ ಬಂದಿದೆ. ಈ ವಾತಾವರಣದಲ್ಲಿ ಹುಟ್ಟಿದ ಒಂದು ಹವ್ಯಾಸಿ ತಂಡ ಪ್ರತಿವರ್ಷ ಓಣಿಯ ಮಕ್ಕಳಿಂದ ಒಂದು ಸಂಗೀತ ನಾಟಕವನ್ನು ಮಾಡಿಸುತ್ತದೆ. ಸಂಜೆ ತಾಲೀಮು, ಚಂದಾ ಎತ್ತಿ ಬಟ್ಟೆಬರೆ, ಕೊನೆಗೆ ಸಭಾಂಗಣದಲ್ಲಿ ಒಂದು ಪ್ರದರ್ಶನ. ಕಿರಣ ಎಂಟು ವರ್ಷದವನಿದ್ದಾಗಿನಿಂದ ಈ ತಂಡದಲ್ಲಿದ್ದಾನೆ. ಕಳೆದ ಮೂರು ವರ್ಷ ಮುಖ್ಯ ಹಾಡುಗಳೆಲ್ಲ ಅವನವೇ. ಈ ಬಾರಿ ಪ್ರಹ್ಲಾದನ ಕಥೆ. ಪ್ರಹ್ಲಾದನ ಪಾತ್ರ ಅವನದೆಂಬುದು ಯಾರೂ ಚರ್ಚಿಸದೆ ತೀರ್ಮಾನವಾಗಿದ್ದ ಸಂಗತಿ.

ಮೊದಲ ಭೇಟಿಗೆ ಬಂದಾಗ ಹುಡುಗನ ಕುತ್ತಿಗೆಗೆ ಮಫ್ಲರ್ ಸುತ್ತಿತ್ತು, ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬಿಯಿತ್ತು. ಡಬ್ಬಿಯಲ್ಲಿ ಕಲ್ಲುಸಕ್ಕರೆ, ಒಣಶುಂಠಿ, ಜ್ಯೇಷ್ಠಮಧುವಿನ ಕಡ್ಡಿ. ಕೇಳಿದ ಪ್ರಶ್ನೆಗೆಲ್ಲ ತಲೆಯಾಡಿಸುತ್ತಿದ್ದ, ಇಲ್ಲವೇ ಪಿಸುಗುಟ್ಟುತ್ತಿದ್ದ. ಒಂದು ಹಾಳೆ ಮತ್ತು ಪೆನ್ನು ಕೊಟ್ಟೆ. ಹಾಡಿನ ಪ್ರಸ್ತಾಪವನ್ನೇ ಎತ್ತದೆ, ಉಗ್ರನರಸಿಂಹ ಹೊರಬರುವ ಕಂಬವನ್ನು ಯಾವುದರಿಂದ ಮಾಡಿದ್ದೀರಿ, ಅದು ಹೇಗೆ ಸೀಳುತ್ತದೆ ಎಂದು ಕೇಳಿದೆ. ರಟ್ಟು, ಬಿದಿರಿನ ದಬ್ಬೆ, ಹಿಂದಿನಿಂದ ಎಳೆಯುವ ದಾರ, ಎಲ್ಲವನ್ನೂ ಚಿತ್ರ ಬಿಡಿಸಿ ತೋರಿಸಿದ. ಬರೆಯುವ ಉತ್ಸಾಹದಲ್ಲಿ ನೀರು ಕುಡಿಯಲು ಹೋಗಿ ನೆತ್ತಿಗೇರಿಸಿಕೊಂಡು ಜೋರಾಗಿ ಕೆಮ್ಮಿದ, ಕೆಮ್ಮಿನ ನಡುವೆಯೇ “ಸಾರಿ ಮೇಡಂ” ಎಂದ. ಆ ಎರಡು ಪದಗಳು ಪೂರ್ತಿ ಬಲಿತ ಗಂಡುದನಿಯಲ್ಲಿ ಬಂದವು. ತಕ್ಷಣ ಬೆಚ್ಚಿ ಅಂಗೈಯಿಂದ ಬಾಯಿ ಮುಚ್ಚಿಕೊಂಡ.

ನಂತರ ಹಾಳೆಯಲ್ಲಿ ಬರೆದದ್ದು ಹೀಗಿತ್ತು: “ಮಾವ ನನ್ನ ಜೊತೆ ಮಾತು ಬಿಟ್ಟಿದ್ದಾರೆ.”

ಮುಂದಿನ ಭೇಟಿಗಳಲ್ಲಿ ವಿಷಯ ಸ್ಪಷ್ಟವಾಯಿತು. ದೀಪಾವಳಿಗೆ ಮುಂಚಿನ ಒಂದು ತಾಲೀಮಿನಲ್ಲಿ, ಪ್ರಹ್ಲಾದನಿಗೆ ವಿಷ ಕುಡಿಸುವ ಸನ್ನಿವೇಶದ ಹಾಡಿನ ತಾರಸ್ಥಾಯಿಯಲ್ಲಿ ಅವನ ದನಿ ಎರಡಾಗಿ ಸೀಳಿತ್ತು. ಮೇಳದ ಮಕ್ಕಳು ನಕ್ಕಿದ್ದರು. ಸೋದರಮಾವ ಹಾರ್ಮೋನಿಯಂ ನಿಲ್ಲಿಸಿ, ಮಂಡಕ್ಕಿ ಮೆಣಸಿನಕಾಯಿ ತಿಂದು ಗಂಟಲು ಕೆಡಿಸಿಕೊಂಡಿದ್ದೀಯ ಎಂದು ಎಲ್ಲರೆದುರು ಗದರಿದ್ದರು. ಅಂದಿನಿಂದ ಮನೆಯಲ್ಲಿ ಎಣ್ಣೆಯ ತಿಂಡಿ, ಮಜ್ಜಿಗೆ, ತಣ್ಣೀರು ಎಲ್ಲವೂ ಬಂದ್ ಆಗಿ, ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಅದೇ ಶ್ರುತಿಯಲ್ಲಿ ಸಾಧನೆ ಮಾಡಿಸುವುದು ಆರಂಭವಾಯಿತು. ದನಿ ಏರದಿದ್ದಾಗ ಹುಡುಗ ತನಗೆ ತಾನೇ ಒಂದು ದಾರಿ ಹುಡುಕಿಕೊಂಡ: ಗಂಟಲನ್ನು ಬಿಗಿಹಿಡಿದು ಕಳ್ಳದನಿಯಲ್ಲಿ, ಅಂದರೆ ಕೃತಕವಾಗಿ ಏರಿಸಿದ ತೆಳುದನಿಯಲ್ಲಿ, ಹಾಡತೊಡಗಿದ. ಅದು ಪಾತ್ರಕ್ಕೆ ಹೊಂದುತ್ತಿದೆ ಎಂದುಕೊಂಡು ಮಾತನ್ನೂ ಅದೇ ದನಿಯಲ್ಲಿ ಆಡಿದಾಗ ಶಾಲೆಯ ಹುಡುಗರು ಹೆಣ್ಣುದನಿ ಎಂದು ಅಣಕಿಸಿದರು. ಸಹಜ ದನಿಯಲ್ಲಿ ಮಾತನಾಡಿದರೆ ಪ್ರಹ್ಲಾದನ ಪಾತ್ರ ಹೋಗುತ್ತದೆ, ಕಳ್ಳದನಿಯಲ್ಲಿ ಮಾತನಾಡಿದರೆ ಶಾಲೆಯಲ್ಲಿ ಮಾನ ಹೋಗುತ್ತದೆ. ಎರಡೂ ಬೇಡವೆಂದು ಅವನು ಮೌನವನ್ನು ಆರಿಸಿಕೊಂಡಿದ್ದ.

ಇಂಥ ಪ್ರಕರಣದಲ್ಲಿ ಆಪ್ತಸಲಹೆಗಿಂತ ಮುಂಚೆ ಗಂಟಲಿನ ಪರೀಕ್ಷೆಯಾಗಬೇಕು. ದನಿಯ ತೊಂದರೆಯನ್ನು ಮನಸ್ಸಿನದೆಂದು ಊಹಿಸಿ ಕುಳಿತರೆ ಧ್ವನಿತಂತುಗಳ ಮೇಲಿನ ಗಂಟು ಅಥವಾ ಬಾವು ಕಣ್ತಪ್ಪಿ ಹೋಗಬಹುದು. ಕಿವಿ, ಮೂಗು, ಗಂಟಲು ತಜ್ಞರು ನೋಡಿ ಗಂಟುಗಳಿಲ್ಲ, ಅತಿಯಾದ ಶ್ರಮದಿಂದ ತಂತುಗಳ ಅಂಚು ಸ್ವಲ್ಪ ಊದಿಕೊಂಡಿದೆ, ಉಳಿದದ್ದು ವಯಸ್ಸಿಗೆ ಸಹಜವಾದ ಬದಲಾವಣೆ ಎಂದು ತಿಳಿಸಿದರು. ಬೆಳೆದ ದನಿ ಒಳಗೆ ಸಿದ್ಧವಿದ್ದರೂ ಹುಡುಗ ಬಾಲದನಿಗೇ ಅಂಟಿಕೊಳ್ಳುವ ಸ್ಥಿತಿಗೆ ವೈದ್ಯಕೀಯದಲ್ಲಿ ಪ್ಯೂಬರ್‌ಫೋನಿಯಾ ಎನ್ನುತ್ತಾರೆ. ಅದು ರೂಢಿಯಾಗುವ ಮುನ್ನವೇ ಸರಿಪಡಿಸಿಕೊಳ್ಳುವುದು ಒಳ್ಳೆಯದೆಂದು ವಾಕ್ ಚಿಕಿತ್ಸಕರ ಬಳಿ ಕಳುಹಿಸಿದರು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೂ ಹೋಗಬಹುದಿತ್ತು. ಊರಿನಲ್ಲೇ ತರಬೇತಾದ ಚಿಕಿತ್ಸಕರು ಸಿಕ್ಕಿದ್ದರಿಂದ ಪ್ರಯಾಣ ಉಳಿಯಿತು. ಅವರು ಮಾಡಿಸಿದ ಮೊದಲ ಅಭ್ಯಾಸವೇ ಕೆಮ್ಮಿನದು: ಹಗುರವಾಗಿ ಕೆಮ್ಮುವುದು, ಆಗ ಹೊರಡುವ ತಗ್ಗಿನ ದನಿಯನ್ನು ಬಿಡದೆ “ಆ” ಎಂದು ಎಳೆಯುವುದು, ಅದೇ ದನಿಯಲ್ಲಿ ಎಣಿಸುವುದು, ಕ್ರಮೇಣ ಪಠ್ಯದ ಸಾಲುಗಳನ್ನು ಓದುವುದು.

ಕಿರಣನಿಗೆ ನಾನು ಹೇಳಬೇಕಾಗಿದ್ದದ್ದು ಬೇರೆಯದು. ದನಿ ಹೋಯಿತೆಂದು ಅವನು ನಂಬಿದ್ದ, ಆ ನಂಬಿಕೆಯನ್ನು ಅವನಿಗೆ ಕೊಟ್ಟವರು ಹಿರಿಯರು. ಹುಡುಗರಲ್ಲಿ ಸಾಮಾನ್ಯವಾಗಿ 12ರಿಂದ 14ರ ವಯಸ್ಸಿನ ಆಸುಪಾಸಿನಲ್ಲಿ ಧ್ವನಿಪೆಟ್ಟಿಗೆ ಬೇಗಬೇಗ ಬೆಳೆಯುತ್ತದೆ, ತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹುಡುಗಿಯರ ದನಿಯೂ ಇಳಿಯುತ್ತದೆ, ಆದರೆ ಕೆಲವೇ ಸ್ವರಗಳಷ್ಟಾದ್ದರಿಂದ ಎದ್ದು ಕಾಣುವುದಿಲ್ಲ. ಗಿಡ್ಡ ಕೊಳಲಿನ ನಾದ ಉದ್ದ ಕೊಳಲಿನಲ್ಲಿ ಬಾರದೆಂದು ಯಾರೂ ಕೊಳಲನ್ನು ಬೈಯುವುದಿಲ್ಲ ಎಂದಾಗ ಅವನು ಮೊದಲ ಬಾರಿಗೆ ಮಫ್ಲರ್ ಸಡಿಲಿಸಿದ. ಹೊಸ ಅಳತೆಗೆ ಸ್ನಾಯುಗಳು ಹೊಂದಿಕೊಳ್ಳುವವರೆಗೆ, ಅಂದರೆ ಕೆಲವು ತಿಂಗಳು, ದನಿ ಹೇಳದೆ ಕೇಳದೆ ಜಾರುತ್ತದೆ. ಅದನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಪಿಸುಗುಟ್ಟುವುದರಿಂದ ಗಂಟಲಿಗೆ ವಿಶ್ರಾಂತಿ ಸಿಗುತ್ತದೆಂಬುದು ತಪ್ಪು ತಿಳಿವಳಿಕೆ, ಅದರಿಂದ ಗಂಟಲು ಇನ್ನಷ್ಟು ಬಿಗಿಯುತ್ತದೆ. ಮೆಲ್ಲನೆ, ಸಹಜ ದನಿಯಲ್ಲಿ ಮಾತನಾಡು, ಹಾಡಬೇಕೆನ್ನಿಸಿದಾಗ ನಡುಸ್ಥಾಯಿಯಲ್ಲಿ ಸ್ವಲ್ಪ ಹೊತ್ತು ಬಾಯಿಮುಚ್ಚಿ ಗುನುಗು, ನೋವೆನಿಸಿದರೆ ನಿಲ್ಲಿಸು, ನೀರು ಚೆನ್ನಾಗಿ ಕುಡಿ ಎಂದೆ. ಮಜ್ಜಿಗೆಯ ಮೇಲಿನ ನಿಷೇಧವನ್ನು ತಾಯಿಯ ಎದುರಿನಲ್ಲೇ ತೆಗೆಸಿದೆ.

ಕಷ್ಟವಾಗಿದ್ದದ್ದು ಸೋದರಮಾವನೊಂದಿಗಿನ ಮಾತುಕತೆ. ಅವರು ಕೆಟ್ಟವರಲ್ಲ. ಮಕ್ಕಳಿಲ್ಲದ ಅವರು ತಂಗಿಯ ಮಗನಲ್ಲಿ ತಮ್ಮ ತಂದೆಯ ವಿದ್ಯೆಯನ್ನು ಉಳಿಸಿಕೊಳ್ಳಲು ಹೊರಟಿದ್ದರು. “ದನಿ ಐತ್ರಿ ಮೇಡಂ, ಹಾಡೋ ಮನಸ್ಸಿಲ್ಲ ಅವನಿಗೆ. ನಮ್ಮಪ್ಪ ಕಂಪನಿಯಾಗೆ ಕಾಲು ಹಾರ್ಮೋನಿಯಂ ತುಳಿದೋರು. ಆ ಹಾಡನ್ನ ಕಪ್ಪು ನಾಲ್ಕರ ಶ್ರುತಿಯಿಂದ ಕೆಳಗಿಳಿಸಿದ್ರೆ ಕಳೆ ಕಟ್ಟಂಗಿಲ್ಲ,” ಎಂದರು. ವೈದ್ಯರ ವರದಿಯನ್ನು ಮುಂದಿಟ್ಟು ವಾದಿಸಿದ್ದರೆ ಅವರು ಎದ್ದು ಹೋಗುತ್ತಿದ್ದರೆಂದು ನನಗನ್ನಿಸಿತು. ನಾನು ಕೇಳಿದ್ದು ಇಷ್ಟೇ: ನಿಮ್ಮ ತಂದೆಯವರ ಕಾಲದಲ್ಲಿ ಬಾಲಪಾತ್ರದ, ಸ್ತ್ರೀಪಾತ್ರದ ಹುಡುಗರಿಗೆ ದನಿ ಒಡೆದಾಗ ಏನು ಮಾಡುತ್ತಿದ್ದರು?

ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ತಂದೆ ಹೇಳುತ್ತಿದ್ದುದನ್ನು ನೆನಪಿಸಿಕೊಂಡರು. ಅಂಥ ಹುಡುಗರನ್ನು ಕೆಲಕಾಲ ಹಾಡಿನಿಂದ ಬಿಡಿಸಿ ಪರದೆ ಎಳೆಯಲು, ತಾಳ ಹಿಡಿಯಲು, ಮಾತಿನ ಸಣ್ಣ ಪಾತ್ರಗಳಿಗೆ ಹಾಕುತ್ತಿದ್ದರಂತೆ, ಊಟ ಮಾತ್ರ ಮೊದಲಿನ ಪಂಕ್ತಿಯಲ್ಲೇ. ದನಿ ಕುದುರಿದ ಮೇಲೆ ಮೇಷ್ಟ್ರು ಅವರ ಶ್ರುತಿ ನೋಡಿ ಹೊಸದಾಗಿ ಹಾಡು ಕೂರಿಸುತ್ತಿದ್ದರಂತೆ. ಹೊಟ್ಟೆಪಾಡಿಗೆ ನಾಟಕವಾಡುತ್ತಿದ್ದ ಕಂಪನಿಯೇ ಹುಡುಗನ ಗಂಟಲಿಗೆ ಇಷ್ಟು ಕಾಲಾವಕಾಶ ಕೊಡುತ್ತಿದ್ದಾಗ, ಪ್ರೀತಿಗಾಗಿ ನಾಟಕ ಮಾಡುವ ತಂಡ ಕೊಡಲಾರದೇ ಎಂದು ಕೇಳಿದೆ. ಅವರು ಉತ್ತರಿಸಲಿಲ್ಲ. ಎರಡು ದಿನ ಬಿಟ್ಟು ಫೋನ್ ಮಾಡಿ, ತಂಡದವರನ್ನೂ ಕರೆತರಬಹುದೇ ಎಂದು ವಿಚಾರಿಸಿದರು.

ತಂಡದವರ ಚಿಂತೆಯೂ ನಿಜವಾದದ್ದೇ. ಸಭಾಂಗಣ ಕಾಯ್ದಿರಿಸಿಯಾಗಿತ್ತು, ಚಂದಾ ಕೊಟ್ಟವರು ಕಿರಣನ ಹಾಡನ್ನು ನಿರೀಕ್ಷಿಸುತ್ತಿದ್ದರು. ಪಾತ್ರವನ್ನು ಯಾರಿಗೆ ಕೊಡುವುದೆಂಬ ಪ್ರಶ್ನೆಗೆ ಉತ್ತರ ಅವರ ಮೇಳದಲ್ಲೇ ಇತ್ತು: ಏಳನೇ ತರಗತಿಯ ಒಬ್ಬ ಹುಡುಗಿಗೆ ಪ್ರಹ್ಲಾದನ ಹಾಡುಗಳೆಲ್ಲ ಕೇಳಿ ಕೇಳಿಯೇ ಬಾಯಿಗೆ ಬಂದಿದ್ದವು. ಬದಲಾವಣೆಯ ವಿಷಯವನ್ನು ಕಿರಣನಿಗೆ ಮೊದಲು, ಒಬ್ಬನೇ ಇರುವಾಗ, ಸೋದರಮಾವನೇ ಹೇಳಬೇಕು, ಬೇರೆ ಮಕ್ಕಳ ಬಾಯಿಂದ ತಿಳಿಯಬಾರದು ಎಂದು ಒತ್ತಾಯಿಸಿದೆ. ಗದರಿದ್ದು ಎಲ್ಲರೆದುರಾದ್ದರಿಂದ ಅದು ತಪ್ಪಾಯಿತೆಂಬ ಮಾತೂ ಎಲ್ಲರೆದುರೇ ಬರಬೇಕೆಂದೆ. ಮಕ್ಕಳೆದುರು ಹಿರಿಯರು ಹಾಗೆ ಹೇಳಿಕೊಳ್ಳುವುದು ನಮ್ಮಲ್ಲಿ ರೂಢಿಯಿಲ್ಲ, ಆದರೆ ಇಲ್ಲಿ ಅದರಷ್ಟು ಫಲಕೊಡುವ ಔಷಧ ಬೇರೊಂದಿರಲಿಲ್ಲ. ಮೇಳದ ಮಕ್ಕಳಿಗೆ ದನಿ ಒಡೆಯುವುದೆಂದರೆ ಏನೆಂದು ಒಂದು ಸಂಜೆ ವಿವರಿಸಿದೆ. ಅಂದು ನಕ್ಕವರಲ್ಲಿ ಇಬ್ಬರು ಹುಡುಗರು ಅದೇ ಹೊಸ್ತಿಲಲ್ಲಿದ್ದರು, ಅವರೇ ಹೆಚ್ಚು ಪ್ರಶ್ನೆ ಕೇಳಿದರು.

ತಾಲೀಮಿನ ಅವಧಿಯ ಬಗ್ಗೆಯೂ ಮಾತು ಬಂತು. ದೃಶ್ಯ ಮಾಧ್ಯಮದ ಮನರಂಜನೆಯಲ್ಲಿ ತೊಡಗುವ ಮಕ್ಕಳಿಗೆ ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೆಲಸ ಕೊಡಬಾರದೆಂದು ಬಾಲಕಾರ್ಮಿಕ ಕಾಯ್ದೆಯಡಿಯ ನಿಯಮಗಳು ಹೇಳುತ್ತವೆ. ಇಡೀ ದಿನ ಶಾಲೆ ಮುಗಿಸಿ ಬರುವ ಮಕ್ಕಳಿಗೆ ನನ್ನ ಅಭಿಪ್ರಾಯದಲ್ಲಿ ಸಂಜೆ ಒಂದೂವರೆ ಗಂಟೆಯೇ ಹೆಚ್ಚು, ಅದರಲ್ಲೂ ಬಾಯಿಬಿಟ್ಟು ಹಾಡುವುದು ಅರ್ಧಕ್ಕಿಂತ ಕಡಿಮೆಯಿರಬೇಕು.

ಇದೆಲ್ಲ ಸಲೀಸಾಗಿ ನಡೆಯಲಿಲ್ಲ. ಪಾತ್ರ ಕೈತಪ್ಪಿದ್ದನ್ನು ಕೇಳಿ ಕಿರಣ ಅತ್ತು, ಎರಡು ವಾರ ತಾಲೀಮಿನ ಕಡೆ ಸುಳಿಯಲಿಲ್ಲ. ಆ ಹುಡುಗಿಯ ಮೇಲೆ ಅವನಿಗೆ ಹೊಟ್ಟೆಕಿಚ್ಚಿತ್ತು. ಅದನ್ನು ನನ್ನೆದುರು ಹೇಳಿಕೊಂಡಾಗ ಹಾಗನ್ನಿಸುವುದು ತಪ್ಪಲ್ಲವೆಂದೆ, ಅವಳಿಗೆ ತೊಂದರೆ ಕೊಡುವುದು ಮಾತ್ರ ತಪ್ಪೆಂದೆ. ಹೋಗಲೇಬೇಕೆಂದು ಮನೆಯವರು ಬಲವಂತ ಮಾಡದಂತೆ ನೋಡಿಕೊಂಡೆ. ಕೊನೆಗೆ ಅವನನ್ನು ಎಳೆದದ್ದು ಕಂಬ. ದಾರ ಎಳೆಯುವವರಿಗೆ ಹದ ಸಿಗುತ್ತಿಲ್ಲವೆಂದು ಮಾವ ಹೇಳಿ ಕಳುಹಿಸಿದ್ದರು. ಹೋದವನು ಅಲ್ಲೇ ಉಳಿದ, ಮುಂದೆ ಮೇಳದಲ್ಲಿ ತಾಳ ಹಿಡಿದ. ತಂಡದವರು ಸೂತ್ರಧಾರನ ಮಾತುಗಳನ್ನು ಇಬ್ಬರಿಗೆ ಹಂಚಿ, ಚಿಕ್ಕ ಚಿಕ್ಕ ಸಾಲುಗಳನ್ನು ಅವನಿಗಿತ್ತರು. ದನಿ ಜಾರಿದರೆ ಜೊತೆಗಾರ ಮಾತು ಎತ್ತಿಕೊಳ್ಳುವುದೆಂದು ಮೊದಲೇ ಒಪ್ಪಂದವಾಗಿತ್ತು. ಪ್ರದರ್ಶನದಲ್ಲಿ ಒಮ್ಮೆ ಜಾರಿತು, ಜೊತೆಗಾರ ಎತ್ತಿಕೊಂಡ, ನಾಟಕ ಮುಂದುವರಿಯಿತು.

ವಾಕ್ ಚಿಕಿತ್ಸೆ ಮುಗಿದಿದೆ. ಕಿರಣ ಈಗ ಎಸ್‌ಎಸ್‌ಎಲ್‌ಸಿಗೆ ಬಂದಿದ್ದಾನೆ, ತರಗತಿಯಲ್ಲಿ ಉತ್ತರ ಹೇಳುತ್ತಾನೆ. ಮುಖ್ಯ ಹಾಡುಗಾರನೆಂಬ ಸ್ಥಾನ ಹೋದ ಬೇಸರ ಪೂರ್ತಿ ಇಳಿದಿಲ್ಲ, ಅದಕ್ಕಾಗಿ ನಮ್ಮ ಭೇಟಿಗಳು ತಿಂಗಳಿಗೊಮ್ಮೆ ಮುಂದುವರಿದಿವೆ. ಸೋದರಮಾವ ಭಾನುವಾರಗಳಂದು ಅವನನ್ನು ಹಾರ್ಮೋನಿಯಂ ಪಕ್ಕ ಕೂರಿಸಿಕೊಂಡು ಯಾವ ಸ್ವರಗಳು ಸಲೀಸಾಗಿ ಬರುತ್ತವೆ ಎಂದು ಬರೆದಿಟ್ಟುಕೊಳ್ಳುತ್ತಿದ್ದಾರೆ. ಶ್ರುತಿಯನ್ನು ಇನ್ನೂ ಗೊತ್ತು ಮಾಡಿಲ್ಲ. ತಂಡವು ಮುಂದಿನ ಬೇಸಿಗೆ ಶಿಬಿರದಿಂದ ಪ್ರತಿ ಮುಖ್ಯ ಪಾತ್ರಕ್ಕೆ ಇಬ್ಬರು ಮಕ್ಕಳನ್ನು ತಯಾರು ಮಾಡಲು ತೀರ್ಮಾನಿಸಿದೆ. ಯಾವುದೇ ಮಗುವಿನ ದನಿ ಮೂರು ವಾರ ಮೀರಿ ಗೊಗ್ಗರಾಗಿಯೇ ಉಳಿದರೆ ಹಾಡು ನಿಲ್ಲಿಸಿ ಗಂಟಲು ತಜ್ಞರಿಗೆ ತೋರಿಸಬೇಕೆಂಬ ಸಾಲನ್ನು ಪೋಷಕರು ಸಹಿ ಮಾಡುವ ಅರ್ಜಿಯಲ್ಲಿ ಸೇರಿಸಿಕೊಂಡಿದೆ.